ಹೊಳೆಯಲ್ಲಿ ಬೇರೆಯಾಗುವ ಧಾತುಗಳು

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯ ನೀರಿನಲ್ಲಿ ಯುರೇನಿಯಂ ಇದೆ ಎಂದರೆ ಗಾಬರಿಯಾಗಬೇಡಿ. ಲೋಕದ ಯಾವ ಹೊಳೆಯಲ್ಲಾದರೂ ಅದು ಅಷ್ಟಿಷ್ಟು ಇದ್ದೇ ಇರುತ್ತದೆ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಈ ಮೂರೂ ಭೂಮಿ ಹುಟ್ಟಿದಾಗಿನಿಂದ ಕಲ್ಲುಮಣ್ಣಿನಲ್ಲಿವೆ. ಯುರೇನಿಯಂ-238ರಲ್ಲಿ ಅರ್ಧದಷ್ಟು ಕ್ಷಯಿಸಲು ಸುಮಾರು 450 ಕೋಟಿ ವರ್ಷ ಬೇಕು. ಹಾಗಾಗಿ ಇನ್ನೂ ಮುಗಿದಿಲ್ಲ.

ಮಳೆನೀರು ಕಲ್ಲನ್ನು ಸವೆಸಿದಾಗ ಇವು ಹೊಳೆಗೆ ಬರುತ್ತವೆ. ಬಂದ ಮೇಲೆ ಎಲ್ಲದರ ನಡತೆ ಒಂದೇ ಅಲ್ಲ. ಕಷಾಯದ ಲೋಟದಲ್ಲಿ ಬೆಲ್ಲ ಕರಗುತ್ತದೆ, ಕೊತ್ತಂಬರಿ-ಜೀರಿಗೆ ಪುಡಿ ತಳ ಸೇರುತ್ತದೆ. ಯುರೇನಿಯಂ ಬೆಲ್ಲದ ಜಾತಿಯದು: ಆಮ್ಲಜನಕವಿರುವ ನೀರಿನಲ್ಲಿ ಕಾರ್ಬೊನೇಟಿನ ಜೊತೆ ಸೇರಿ ಕರಗಿ ಹರಿದುಹೋಗುತ್ತದೆ. ಥೋರಿಯಂ ಕರಗುವುದೇ ಅಪರೂಪ. ಜೇಡಿಯ ಕಣಕ್ಕೆ ಅಂಟಿಕೊಂಡು, ಪ್ರವಾಹದ ಕೆಂಪುನೀರಿನ ಜೊತೆ ಸಾಗಿ, ಹರಿವು ನಿಧಾನವಾದಲ್ಲಿ ಕೆಸರಾಗಿ ಕೂರುತ್ತದೆ. ನಮ್ಮ ಚಿರೆಕಲ್ಲಿನಂಥ, ಮಳೆಗೆ ತೊಳೆದುಳಿದ ಕಲ್ಲುಗಳಲ್ಲೂ ಥೋರಿಯಂ ಹಿಂದೆ ಉಳಿಯುವುದು ಇದೇ ಕಾರಣಕ್ಕೆ.

ಯುರೇನಿಯಂ ಕ್ಷಯಿಸುತ್ತ ಹುಟ್ಟುವ ರೇಡಿಯಂ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಸಿಹಿನೀರಿನಲ್ಲಿ ಅದು ಜೇಡಿಯನ್ನು ಬಿಡುವುದಿಲ್ಲ. ಉಂಚಳ್ಳಿಯಲ್ಲಿ ಧುಮುಕಿ ಘಟ್ಟ ಇಳಿದ ಅಘನಾಶಿನಿ ತದಡಿಯ ಅಳಿವೆಯಲ್ಲಿ ಉಪ್ಪುನೀರನ್ನು ಸೇರುತ್ತದಲ್ಲ, ಅಂಥ ಕಡೆ ಕಥೆ ತಿರುಗುತ್ತದೆ. ಕಡಲಿನ ಲವಣಗಳು ಕಣದ ಮೇಲಿನ ಜಾಗ ಹಿಡಿದು ರೇಡಿಯಮ್ಮನ್ನು ನೀರಿಗೆ ನೂಕುತ್ತವೆ. ಹೀಗಾಗಿ ಕೆಸರಿನ ಒಂದು ಮುಷ್ಟಿಯನ್ನು ಎಲ್ಲಿಂದ ತಂದಿರಿ ಎಂದು ಕೇಳದೆ ಅದರ ಅಳತೆಗೆ ಅರ್ಥ ಹೇಳಲಾಗದು.

ರೇಡಿಯಮ್ಮಿನಿಂದ ಹೊಮ್ಮುವ ರೇಡಾನ್ ಅನಿಲ. ಮಣ್ಣಿನಿಂದ ಗಾಳಿಗೇರಿ ಅಲ್ಲಿ ಅದು ಸೀಸ-210 ಆಗುತ್ತದೆ, ಮಳೆಯೊಡನೆ ಇಳಿದು ಕೆಸರಿಗೆ ಅಂಟುತ್ತದೆ. ಸೀಸ-210ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 22 ವರ್ಷ. ಕೆರೆ, ಹಿನ್ನೀರಿನ ತಳದ ಕೆಸರನ್ನು ಪದರಪದರವಾಗಿ ತೆಗೆದು ಸೀಸ-210 ಎಷ್ಟು ಕಡಿಮೆಯಾಗಿದೆ ಎಂದು ನೋಡಿದರೆ, ನೂರು ನೂರೈವತ್ತು ವರ್ಷದೊಳಗಿನ ಪದರದ ವಯಸ್ಸು ತಿಳಿಯುತ್ತದೆ.

ಇಂಥ ಅಳತೆಗಳ ಬೆಲೆ ಕಾಳಿ ನದಿಯ ದಂಡೆಯಲ್ಲಿ ಕಾಣುತ್ತದೆ. ಅಲ್ಲಿನ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದ್ದು 2000ದಲ್ಲಿ. ಅದಕ್ಕೂ ಮುಂಚಿನಿಂದಲೇ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಪರಿಸರದ ಸಹಜ ವಿಕಿರಣವನ್ನು ಅಳೆದಿದ್ದರು. ಹಾಗೆ ಅಳೆದಿಟ್ಟುಕೊಳ್ಳದಿದ್ದರೆ, ಕಾಳಿಯ ಕೆಸರಿನಲ್ಲಿ ಘಟ್ಟದ ಪಾಲೆಷ್ಟು, ಸ್ಥಾವರದ ಪಾಲೆಷ್ಟು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ತುಂಬ ಕಷ್ಟವಾಗುತ್ತಿತ್ತು.