ಎಪ್ಪತ್ತು ವರ್ಷದ ವಾಗ್ದಾನ: ಇಬ್ರಿಯ ಭಾಷೆಯಲ್ಲಿ ಯೆರೆಮೀಯ 29

ವಾಕ್ಯಭಾಗ: ಯೆರೆಮೀಯ 28 ಮತ್ತು 29:1-14

ಬೈಬಲ್ ತೆರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ, ಇವತ್ತು ಸ್ವಲ್ಪ ನಿಧಾನವಾಗಿ ಓದೋಣ.

ಯೂತ್ ಮೀಟಿಂಗ್‌ಗಳಲ್ಲಿ ನನಗೆ ಪದೇ ಪದೇ ಬರುವ ಪ್ರಶ್ನೆ ಇದು: "ಪಾಸ್ಟರ್, ಪವಿತ್ರಾತ್ಮನು ನಮ್ಮೊಳಗೆ ಇದ್ದಾನಲ್ಲ, ಮತ್ತೆ ಸೆಮಿನರಿಗೆ ಹೋಗಿ ಇಬ್ರಿಯ ಯಾಕೆ ಓದಬೇಕು? ಓದಿದ್ರೆ ಅಭಿಷೇಕ ಆರಿಹೋಗಲ್ವಾ?" ಪ್ರಾಮಾಣಿಕ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಆ ವಾಕ್ಯವನ್ನು ಆ ಭಾಷೆಯಲ್ಲಿ ಕೊಟ್ಟವನೂ ಅದೇ ಆತ್ಮನು. ಕಲಿಕೆ ಬೆಂಕಿಯನ್ನು ಆರಿಸೋದಿಲ್ಲ. ದೇವರು ಹೇಳದೇ ಇರೋದನ್ನ ದೇವರ ಹೆಸರಿನಲ್ಲಿ ಹೇಳದಂತೆ ನಮ್ಮನ್ನು ಕಾಯುತ್ತದೆ.

ನನ್ನೂರು ನೀಲಗುಂದ, ಹರಪನಹಳ್ಳಿ ತಾಲ್ಲೂಕು. ನಮ್ಮ ಕಡೆ ಚಾಲುಕ್ಯರ ಕಾಲದ ಕೆಲಸ ಇನ್ನೂ ನಿಂತಿದೆ, ಹಳೆಯ ಕಲ್ಲುಶಾಸನಗಳೂ ಇವೆ. ಶಾಸನದ ಭಾಷೆ ಕನ್ನಡವೇ, ಆದ್ರೂ ಅಕ್ಷರ ಹಿಡಿದು ಓದೋಕೆ ಕಲಿತವರೇ ಬೇಕು. ಹಾಗಿರುವಾಗ ಎರಡೂವರೆ ಸಾವಿರ ವರ್ಷ ಹಿಂದೆ ಬೇರೆ ಭಾಷೆಯಲ್ಲಿ ಬರೆದ ಪತ್ರ ಕಲಿಯದೇ ಪೂರ್ತಿ ಅರ್ಥ ಆಗಬೇಕು ಅಂದ್ರೆ ಹೇಗೆ?

ನಮ್ಮ ಕೈಯಲ್ಲಿರುವ ಕನ್ನಡ ಬೈಬಲ್ ಕೂಡ ಇಂಥ ಕಲಿಕೆಯಿಂದಲೇ ಬಂತು. ನಮ್ಮ ತಾಲ್ಲೂಕು ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದೇ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಬರುವ ಹೊತ್ತಿಗೆ 20 ವರ್ಷ ಕಳೆದಿತ್ತು. ಒಂದೊಂದು ಪದಕ್ಕೂ ಯಾರೋ ಕೂತು ಬೆವರು ಸುರಿಸಿದ್ದಾರೆ.

1. ಈ ವಾಗ್ದಾನ ಯಾರಿಗೆ?

ಯೆರೆಮೀಯ 29:11 ನಿಮ್ಮಲ್ಲಿ ಎಷ್ಟು ಜನರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿದೆ? ದೇವರ ಆಲೋಚನೆ ಕೇಡಿನದಲ್ಲ, ಹಿತದ್ದು ಅನ್ನುವ ವಚನ. ಒಳ್ಳೆಯದು, ಇರಲಿ. ಆದರೆ ಇಲ್ಲಿ "ನಿಮಗೆ" ಅಂದ್ರೆ ಯಾರು? ಕನ್ನಡದಲ್ಲಿ ಆ ಪದ ಬಹುವಚನವೂ ಹೌದು, ಒಬ್ಬರಿಗೇ ಮರ್ಯಾದೆ ಕೊಟ್ಟು ಹೇಳುವುದೂ ಹೌದು. ಇಬ್ರಿಯದಲ್ಲಿ ಈ ಗೊಂದಲ ಇಲ್ಲ. ಅಲ್ಲಿರುವ "ಲಾಖೆಮ್" ಬಹುವಚನವೇ. ಕ್ರಿ.ಪೂ. 597ರಲ್ಲಿ ರಾಜ ಯೆಕೊನ್ಯನ ಜೊತೆ ಬಾಬೆಲಿಗೆ ಸೆರೆಹೋದ ಒಂದು ಇಡೀ ಸಮುದಾಯಕ್ಕೆ ಬರೆದ ಪತ್ರ ಇದು. ಹಿಂದಿನ ವಚನ, 10, ನೋಡಿ: 70 ವರ್ಷ ಆದ ಮೇಲೆ ಅಂತ ಇದೆ! ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಮತ್ತೆ ಊರು ನೋಡುವ ಹಾಗಿರಲಿಲ್ಲ. ಹಾಗಾದ್ರೆ ವಾಗ್ದಾನ ಸುಳ್ಳಾ? ಅಲ್ಲ. ಅದು ನನ್ನ ಆಯುಷ್ಯಕ್ಕಿಂತ ದೊಡ್ಡದು.

2. ಎರಡು ವರ್ಷದ ಪ್ರವಾದನೆ

ಈಗ 28ನೇ ಅಧ್ಯಾಯ. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷದಲ್ಲಿ ಎಲ್ಲಾ ವಾಪಸ್ ಬರುತ್ತೆ ಅಂದ. "ಕೋ ಆಮರ್", ಕರ್ತನು ಹೀಗನ್ನುತ್ತಾನೆ, ಅಂತಲೇ ಶುರು ಮಾಡಿದ. ಯೆರೆಮೀಯನು ಬಳಸುವ ಮಾತೂ ಅದೇ. ಅಂದ್ರೆ ಸುಳ್ಳು ಪ್ರವಾದನೆಯನ್ನು ಮಾತಿನ ಶೈಲಿಯಿಂದ, ದನಿಯ ಜೋರಿನಿಂದ ಕಂಡುಹಿಡಿಯೋಕೆ ಆಗಲ್ಲ.

ಯೆರೆಮೀಯ ಏನು ಮಾಡಿದ? ಮೊದಲು ಆಮೆನ್ ಅಂದ. ಅವನಿಗೂ ಅದು ನಿಜವಾಗಲಿ ಅನ್ನೋ ಆಸೆ ಇತ್ತು! ಆಮೇಲೆ, ಶಾಲೋಮ್ ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನನ್ನು ಗುರುತಿಸಬಹುದು ಅಂದ. ಹನನ್ಯ ಅವನ ಹೆಗಲ ಮೇಲಿನ ನೊಗ ಮುರಿದಾಗ ವಾದ ಮಾಡದೆ ತನ್ನ ದಾರಿ ಹಿಡಿದು ಹೋದ. ದೇವರ ಮಾತು ಬಂದ ಮೇಲೆಯೇ ತಿರುಗಿ ಬಂದ.

ಇದು ನಮಗೆ ಬೇಕು. "ಮೂರು ತಿಂಗಳಲ್ಲಿ ಕೆಲಸ, ಈ ವರ್ಷವೇ ಮದುವೆ" ಅಂತ ಹೇಳಿಸಿಕೊಂಡು, ಆಗದಿದ್ದಾಗ "ನಿನಗೆ ವಿಶ್ವಾಸ ಕಡಿಮೆ" ಅಂತಲೂ ಕೇಳಿಸಿಕೊಂಡು, ಸಭೆಯನ್ನೇ ಬಿಟ್ಟ ಮಕ್ಕಳು ನನ್ನ ಮುಂದೆ ಕೂತು ಅತ್ತಿದ್ದಾರೆ. ನಾವು ಪ್ರವಾದನಾ ವರವನ್ನು ನಂಬುವವರು. ನಂಬುವುದರಿಂದಲೇ ಪರೀಕ್ಷಿಸಬೇಕು.

3. ಪಟ್ಟಣದ ಶಾಲೋಮ್

ಇಬ್ರಿಯದಲ್ಲಿ 22 ಅಕ್ಷರ, ಬಲದಿಂದ ಎಡಕ್ಕೆ ಬರೆಯೋದು. ಸ್ವರಗಳು ಚುಕ್ಕೆ, ಗೆರೆಗಳಾಗಿ ಅಕ್ಷರಕ್ಕೆ ಅಂಟಿಕೊಂಡಿರುತ್ತವೆ. ಕಾಗುಣಿತ ಬಂದವರಿಗೆ ಅಷ್ಟೇನೂ ಕಷ್ಟ ಅಲ್ಲ. ಹೆಚ್ಚಿನ ಪದಗಳು ಮೂರು ಅಕ್ಷರದ ಧಾತುವಿನಿಂದ ಹುಟ್ಟುತ್ತವೆ. ಶ-ಲ-ಮ ಧಾತುವಿನಿಂದ ಶಾಲೋಮ್, ಅಂದ್ರೆ ಸಮಾಧಾನ, ಕ್ಷೇಮ. ಶಾಲೇಮ್, ಅಂದ್ರೆ ಪೂರ್ಣ. ಶಿಲ್ಲೇಮ್, ಅಂದ್ರೆ ಸಲ್ಲಿಸು, ತೀರಿಸು. ಎತ್ತು ಕದ್ದವನು ಐದು ಎತ್ತು ಕೊಡಬೇಕು ಅಂತ ವಿಮೋಚನಕಾಂಡ 22ರಲ್ಲಿ ಬರುವುದು ಇದೇ ಕ್ರಿಯಾಪದ.

29:7ರಲ್ಲಿ ಶಾಲೋಮ್ ಮೂರು ಸಲ ಬರುತ್ತದೆ. ಸೆರೆಹೋದ ಪಟ್ಟಣದ ಶಾಲೋಮ್ ಹುಡುಕಿರಿ, ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಶಾಲೋಮಿನಲ್ಲೇ ನಿಮ್ಮ ಶಾಲೋಮ್ ಇದೆ ಎಂದು ಅದರ ಭಾವ. ನಾಲ್ಕು ವಚನ ಆದಮೇಲೆ, 11ರಲ್ಲಿ, ಅದೇ ಪದ ಮತ್ತೆ. ಅನುವಾದದಲ್ಲಿ ಬೇರೆ ಬೇರೆ ಪದ ಬಂದಾಗ ಈ ಕೊಂಡಿ ಕಣ್ಣಿಗೆ ಬೀಳೋದಿಲ್ಲ. 11ನ್ನು ಫ್ರೇಮ್ ಹಾಕಿಸಿ 7ನ್ನು ಬಿಡೋಕಾಗಲ್ಲ, ಪ್ರಿಯರೇ.

ಊರು ಬಿಟ್ಟು ಬೆಂಗಳೂರಿಗೆ ಬಂದು ಪಿಜಿಯಲ್ಲಿರೋ ನೀವು ಈ ಪಟ್ಟಣವನ್ನು ಬರೀ ಸಂಬಳದ ಜಾಗ ಅಂದುಕೊಂಡಿದ್ದೀರಾ? ನಿಮ್ಮ ಬೀದಿಯ ಪೌರಕಾರ್ಮಿಕರ ಹೆಸರು ಗೊತ್ತಾ? ರೂಮ್‌ಮೇಟ್ ಹತ್ತಿರ ತಗೊಂಡ ಸಾಲ ತೀರಿಸಿದ್ದೀರಾ? ಅದೂ ಶಾಲೋಮ್ ವಿಷಯವೇ.

ಒಂದು ಎಚ್ಚರಿಕೆ

11ರ ಕೊನೆಯಲ್ಲಿ "ತಿಕ್ವಾ", ನಿರೀಕ್ಷೆ, ಅಂತ ಇದೆ. ಯೆಹೋಶುವ 2ರಲ್ಲಿ ರಾಹಾಬಳ ಕೆಂಪು ದಾರಕ್ಕೂ ಅದೇ ಪದ. ಕೇಳಿದ ತಕ್ಷಣ ಒಂದು ಪ್ರಸಂಗ ರೆಡಿ ಆಗುತ್ತೆ, ಅಲ್ವಾ? ನಿಲ್ಲಿ. ಒಂದೇ ಪದ ಅಂದ ಮಾತ್ರಕ್ಕೆ ಯೆರೆಮೀಯನು ದಾರದ ಬಗ್ಗೆ ಹೇಳುತ್ತಿಲ್ಲ. ಅರ್ಥವನ್ನು ಸಂದರ್ಭ ಹೇಳಬೇಕು. ಆ್ಯಪ್ ಪದ ತೋರಿಸುತ್ತದೆ, ತಡೆಯುವುದನ್ನು ಒಳ್ಳೆಯ ಗುರುಗಳು ಕಲಿಸುತ್ತಾರೆ. ಸೆಮಿನರಿಯ ದೊಡ್ಡ ಉಪಯೋಗ ಇದೇ.

ಕರೆ ಇರುವವರು ಹಿಂಜರಿಯಬೇಡಿ. ಬೆಂಗಳೂರಿನಲ್ಲಿ 1910ರಿಂದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ, ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಪೆಂಟೆಕೋಸ್ಟಲರಾದ ಅಸೆಂಬ್ಲೀಸ್ ಆಫ್ ಗಾಡ್‌ನವರೂ 1951ರಲ್ಲೇ ಬೆಂಗಳೂರಿನಲ್ಲಿ ಬೈಬಲ್ ಕಾಲೇಜು ತೆರೆದರು. ಪ್ರಾರ್ಥಿಸಿ, ನಿಮ್ಮ ಪಾಸ್ಟರ್ ಜೊತೆ ಮಾತಾಡಿ.

ಕೊನೆಯದಾಗಿ: ಯೆಹೂದ್ಯರ ಇಬ್ರಿಯ ಬೈಬಲ್ ಸಾಮಾನ್ಯವಾಗಿ ಮುಗಿಯುವುದು ಮಲಾಕಿಯಲ್ಲಲ್ಲ, ಪೂರ್ವಕಾಲವೃತ್ತಾಂತದಲ್ಲಿ. ಅದರ ಕೊನೇ ಸಾಲುಗಳಲ್ಲಿ ಯೆರೆಮೀಯನ 70 ವರ್ಷ ನೆನಪಾಗುತ್ತದೆ, ಅರಸ ಕೋರೆಷನು ಜನರಿಗೆ ಊರಿಗೆ ಹೋಗಿ ಅನ್ನುತ್ತಾನೆ. ಹನನ್ಯನ ಎರಡು ವರ್ಷ ಬಿದ್ದುಹೋಯಿತು. ಕರ್ತನ ಮಾತು ನಿಂತಿತು. ಹಲ್ಲೆಲೂಯಾ!

ಈ ವಾರ 28, 29 ಎರಡನ್ನೂ ಒಂದೇ ಸಲ ಕೂತು ಓದಿ. ನಿಮ್ಮ ಏರಿಯಾಗಾಗಿ ದಿನಾ ಹತ್ತು ನಿಮಿಷ ಪ್ರಾರ್ಥಿಸಿ.

ಪ್ರಾರ್ಥಿಸೋಣ. ಕರ್ತನೇ, ನಿನ್ನ ವಾಕ್ಯದ ಮುಂದೆ ಆತುರಪಡದ ಹೃದಯ ಕೊಡು. ಕಾಯುತ್ತಿರುವ ನಿನ್ನ ಮಕ್ಕಳನ್ನು ಹಿಡಿದುಕೋ. ಈ ಪಟ್ಟಣಕ್ಕೆ ನಿನ್ನ ಶಾಲೋಮ್ ಬರಲಿ. ಯೇಸುವಿನ ನಾಮದಲ್ಲಿ, ಆಮೆನ್.