ಮೂಗು ಸುಮ್ಮನಾದಾಗ



ಈ ಸಲ ಗೊಬ್ಬರದ ಪಾಠ ಬದಿಗಿಟ್ಟು ಮೂಗಿನ ವಿಷಯ ಬರೆಯುತ್ತಿದ್ದೇವೆ. ಎರಡು ವರ್ಷದಿಂದ ನಮಗೆ ಪಾರ್ಕಿನ್ಸನ್ ಕಾಯಿಲೆ ಇದೆ. ನಡಾವಳಿ ಪುಸ್ತಕದಲ್ಲಿ ನಮ್ಮ ಅಕ್ಷರ ಇರುವೆ ಸಾಲಿನಂತಾದುದನ್ನು ನೀವೇ ಕಂಡಿದ್ದೀರಿ.

ಕಳೆದ ಚಳಿಗಾಲದಲ್ಲಿ ಮಾನ್ವಿಯ ಬೀಗರ ಮನೆಗೆ ಹೋಗಿದ್ದೆವು. ಅವರದು ಭತ್ತದ ಬೇಸಾಯ. ದೇವದುರ್ಗದ ಕಡೆ ಹತ್ತಿ ಹೊಲವೂ ಇದೆ. ನಾವು ಮಲಗಿದ್ದ ಕೋಣೆಯಲ್ಲಿ ಹತ್ತಿಗೆ ಹೊಡೆಯುವ ಔಷಧಿಯ ಡಬ್ಬಿ ರಾತ್ರಿಯೆಲ್ಲ ಸೋರಿತ್ತು. ಬೆಳಿಗ್ಗೆ ಬಾಗಿಲು ತೆರೆದ ಬೀಗರು, “ಎಣ್ಣಿ ವಾಸನಿ ಮೂಗಿಗೆ ಹೊಡಿಯಾಕತ್ತದ, ನಿಮಗ ತಿಳಿಯಲಿಲ್ಲೇನ್ರಿ?” ಎಂದು ಗಾಬರಿಯಾದರು. ನಮಗೆ ತಲೆನೋವೊಂದು ಬಿಟ್ಟರೆ ಏನೂ ತಿಳಿದಿರಲಿಲ್ಲ.

ಅಂದೇ ರಾಯಚೂರು ನಗರದ ವೈದ್ಯರೊಬ್ಬರಿಗೆ ತೋರಿಸಿದೆವು. ವಾಸನೆ ಕುಂದುವುದು ಈ ಕಾಯಿಲೆಯದೇ ಲಕ್ಷಣ, ಕೈನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬರಬಹುದು ಎಂದರು. ಆಗ ನೆನಪಾಯಿತು: ಹೂಮಳೆಯ ನಂತರ ತೋಟ ಬೆಳ್ಳಗಾದರೂ ನಾಲ್ಕೈದು ವರ್ಷದಿಂದ ನಮಗೆ ಕಾಫಿ ಹೂವಿನ ಪರಿಮಳ ಬಂದಿಲ್ಲ. ಹೂವೇ ಬಡವಾಯಿತೆಂದು ಮಳೆಯನ್ನು ಬೈದಿದ್ದೆವು!

1817ರಲ್ಲಿ ಈ ಕಾಯಿಲೆಯನ್ನು ವರ್ಣಿಸಿದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ನರು ಇಂದ್ರಿಯಗಳಿಗೆ ಧಕ್ಕೆಯಿಲ್ಲವೆಂದೇ ಬರೆದರು. 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು, ಮಿದುಳಿನಲ್ಲಿ ವಾಸನೆ ಗ್ರಹಿಸುವ ಭಾಗವೇ ಮೊದಮೊದಲು ಕೆಡುವ ಭಾಗಗಳಲ್ಲೊಂದೆಂದು ವಿವರಿಸಿದರು. ಲೆವೊಡೋಪ ಮಾತ್ರೆಯಿಂದ ನಮ್ಮ ಕೈಕಾಲು ಸಡಿಲವಾಗಿದೆ. ಮೂಗು ಮಾತ್ರ ಹಾಗೆಯೇ ಇದೆ. ಹಾಗೆಂದು ವಾಸನೆ ಹೋದವರೆಲ್ಲ ಹೆದರಬೇಕಿಲ್ಲ. ನೆಗಡಿ, ಕೋವಿಡ್, ವಯಸ್ಸು, ಇವುಗಳಿಂದಲೂ ಹೋಗುತ್ತದೆ. ಜೊತೆಗೆ ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ನಡಿಗೆ ನಿಧಾನವಾಗುವುದು ಇದ್ದರೆ ನರರೋಗ ತಜ್ಞರಿಗೆ ತೋರಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯುಂಟು.

ಇನ್ನು ನಿತ್ಯದ ಮಾತು. ಅಡಿಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಅದು ನಮ್ಮಂಥವರಿಗೆ ನಿಷ್ಪ್ರಯೋಜಕವಾದುದರಿಂದ, ಸೋರಿದರೆ ಕೂಗುವ ಯಂತ್ರ ಹಾಕಿಸಿ, ರಾತ್ರಿ ಸಿಲಿಂಡರಿನ ಕೀಲಿ ತಿರುಗಿಸುತ್ತೇವೆ. ಹಾಲು, ಸಾರು ಹಳಸಿದೆಯೇ ಎಂದು ಮನೆಯವರು ನೋಡುತ್ತಾರೆ. ರುಚಿಯೂ ಸಪ್ಪೆಯಾಗುವುದರಿಂದ ಉಪ್ಪಿನ ಮೇಲೆ ಕೈ ಹೋಗುತ್ತದೆ. ರಕ್ತದೊತ್ತಡದವರು ಉಪ್ಪಿಗೆ ಬದಲು ನಿಂಬೆಹುಳಿ, ಮೆಣಸು ಹಾಕಿಕೊಳ್ಳಬಹುದು.

ಪಲ್ಪ್ ಮಾಡಿದ ಕಾಫಿ ತೊಟ್ಟಿಯಲ್ಲಿ ಹೆಚ್ಚು ಹುಳಿತರೆ ಬೀಜ ನಾರುತ್ತದೆ, ಲಾಟೇ ಕೆಡುತ್ತದೆ. ಮೊದಲು ಮೂಗಿನಿಂದ ಹೇಳುತ್ತಿದ್ದೆವು. ಈಗ ಒಂದು ಹಿಡಿ ಬೀಜ ತೊಳೆದು ಉಜ್ಜುತ್ತೇವೆ. ಲೋಳೆ ಬಿಟ್ಟು ಮರಳಿನಂತೆ ಕರಕರ ಎಂದರೆ ತೊಳೆಯಲು ಹೇಳುತ್ತೇವೆ. ನಡುಗುವ ಕೈಗೂ ಅಷ್ಟು ತಿಳಿಯುತ್ತದೆ. ಔಷಧಿ ಕೋಣೆಗೆ ಮಾತ್ರ ಒಬ್ಬರೇ ಹೋಗುವುದಿಲ್ಲ. ಮೊದಲು ರೈಟರು ಬಾಗಿಲು ತೆರೆದು ಮೂಸುತ್ತಾರೆ.

ಬೀಗರು ಈಗ ಔಷಧಿ ಡಬ್ಬಿಗಳನ್ನೆಲ್ಲ ಮನೆಯಿಂದ ಹೊಲದ ಶೆಡ್ಡಿಗೆ ಸಾಗಿಸಿದ್ದಾರಂತೆ.

— ಕಾರ್ಯದರ್ಶಿ