ಎತ್ತರ ಬೆಳೆದ ಎತ್ತು

ಒಂದು ಮನೆ. ಗಂಡ, ಹೆಂಡತಿ, ಒಂದು ಜೊತೆ ಹಳ್ಳಿಕಾರ್ ಎತ್ತು. ಕರುಗಳಾಗಿ ತಂದಾಗ ಎರಡೂ ಸಮ ಇದ್ದವು. ಬರುಬರುತ್ತಾ ಒಂದು ಎತ್ತರ ಬೆಳೆಯಿತು.

ನೊಗ ಕಟ್ಟಿದರೆ ಓರೆ ಆಗುತ್ತಿತ್ತು. ಭಾರ ಗಿಡ್ಡ ಎತ್ತಿನ ಕಡೆ ವಾಲುತ್ತಿತ್ತು. ಅದರ ಹೆಗಲು ಹುಣ್ಣಾಯಿತು. ಉಳುಮೆ ನಿಂತಿತು.

"ಎತ್ತರದ್ದನ್ನ ಜಾತ್ರೇಲಿ ಬದಲಾಯಿಸೋಣ" ಅಂದ ಗಂಡ.

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದರು. ಅಲ್ಲಿ ಸರಿಜೋಡಿ ಎತ್ತು ಸಿಕ್ಕಿತು. ಬಾಯಿ ಬಿಡಿಸಿ ಹಲ್ಲು ನೋಡಿದರು. 2 ಹಲ್ಲಾಗಿದ್ದರೆ ವಯಸ್ಸು ಎರಡು, ಎರಡೂವರೆ ವರ್ಷ. 8 ಹಲ್ಲಾಗಿದ್ದರೆ 4-5 ವರ್ಷ. ಹೆಗಲು ನೋಡಿದರು. ನಡೆಸಿ ನೋಡಿದರು.

"ನಿಮ್ಮದನ್ನ ಯಾಕೆ ಕೊಡ್ತೀರಿ?" ಅಂದ ಆ ರೈತ.

"ಐಬು ಏನಿಲ್ಲ ಅಣ್ಣ. ಜೋಡಿಗಿಂತ ಎತ್ತರ ಆಯ್ತು, ಅಷ್ಟೇ" ಅಂದಳು ಹೆಂಡತಿ.

ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿದ. ಆ ರೈತ ತನ್ನ ಎತ್ತಿನ ಮೇಲೆ 8,000 ರೂಪಾಯಿ ಕೊಡಬೇಕು. ಕೈಗೆ 6,000 ಬಂತು. ಬಾಕಿ ಯುಗಾದಿಗೆ.

ದಲ್ಲಾಳಿ ಚೀಟಿ ಬರೆದ. "ಹೆಬ್ಬೆಟ್ಟು ಒತ್ತಮ್ಮ" ಅಂದ.

"ತಾಳಿ, ಓದ್ತೀನಿ" ಅಂದಳು. ಅಕ್ಷರ ಕೂಡಿಸಿ ಓದಿದಳು. ಬಾಕಿ 2,000ದ ಮಾತೇ ಅದರಲ್ಲಿ ಇರಲಿಲ್ಲ!

"ಇದನ್ನೂ ಬರೀರಿ. ಆಮೇಲೆ ರುಜು ಹಾಕ್ತೀನಿ" ಅಂದಳು. ದಲ್ಲಾಳಿ ಬರೆದ. ಅವಳು ತನ್ನ ಹೆಸರು ಬರೆದಳು.

ನೆನಪಿಡಿ:
ಚೀಟಿಯಲ್ಲಿ ತಾರೀಖು, ಎತ್ತಿನ ಬಣ್ಣ, ಹಲ್ಲು, ಕೊಟ್ಟ ಹಣ, ಬಾಕಿ ಹಣ ಇರಲಿ. ಹಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಇಬ್ಬರು ಸಾಕ್ಷಿಗಳ ರುಜು ಹಾಕಿಸಿ. 5,000 ರೂಪಾಯಿ ಮೀರಿದ ರಸೀದಿಗೆ 1 ರೂಪಾಯಿ ರೆವಿನ್ಯೂ ಸ್ಟಾಂಪು ಅಂಟಿಸಿ.

ಹೇಳಿ ನೋಡೋಣ:
ಅವಳು ಓದದೆ ಹೆಬ್ಬೆಟ್ಟು ಒತ್ತಿದ್ದರೆ ಏನಾಗುತ್ತಿತ್ತು?